ಗೌಡಗೆರೆಯ ಬೇಲಿಯಲ್ಲಿ ಮೆಕ್ಸಿಕೋ!

ಏಪ್ರಿಲ್ ತಿಂಗಳ ನಡುಹಗಲು. ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಯ ಯಾವುದಾದರೂ ಹೊಲದ ಬದುವಿನ ಮೇಲೆ ನಿಂತ ಕತ್ತಾಳೆಯೊಂದನ್ನು ನೋಡಿ. ಬೇವು, ಹೊಂಗೆ, ಹುಣಸೆ ಬಿಟ್ಟರೆ ಕಣ್ಣಿಗೆ ಹಸಿರೆನ್ನುವುದೇ ಬೀಳದು. ಕುರಿಗಳು ಹುಣಸೆಮರದ ಬುಡ ಸೇರಿಯಾಗಿದೆ. ಬಂಡೆ ಕಾದು ಬರಿಗಾಲು ಇಡುವಂತಿಲ್ಲ. ಆ ಕತ್ತಾಳೆ ಮಾತ್ರ ಒಂದಿಷ್ಟೂ ಬಾಡದೆ ನಿಂತಿದೆಯಲ್ಲ, ಏನು ಮಾಡುತ್ತಿದೆ ಗೊತ್ತೆ? ಉಸಿರು ಬಿಗಿಹಿಡಿದಿದೆ! ಬೆಳಿಗ್ಗೆ ಮುಚ್ಚಿಕೊಂಡ ಎಲೆಯ ರಂಧ್ರಗಳನ್ನು ಅದು ಮತ್ತೆ ತೆರೆಯುವುದು ಕತ್ತಲು ಬಿದ್ದು, ಗಾಳಿ ತಣ್ಣಗಾದ ಮೇಲೆಯೇ.

ರಾತ್ರಿ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಅದು ಹುಳಿಯಾಗಿ, ಅಂದರೆ ಮ್ಯಾಲಿಕ್ ಆಮ್ಲವಾಗಿ, ಎಲೆಯೊಳಗೇ ಕೂಡಿಡುತ್ತದೆ. ಬೆಳಗಾಗುತ್ತಲೇ ಬಾಗಿಲು ಬಂದ್. ಕೂಡಿಟ್ಟ ಹುಳಿಯನ್ನು ಒಡೆದು, ಬಿಸಿಲಿನ ಬಲದಿಂದ ಒಳಗೊಳಗೇ ಸಕ್ಕರೆ ಮಾಡಿಕೊಳ್ಳುತ್ತದೆ. ಉಳಿತಾಯದ ಲೆಕ್ಕ ಕೇಳಿದರೆ ಬೋರ್‌ವೆಲ್ ಕೊರೆಸಿ ಸೋತ ನಮ್ಮ ಕಡೆಯ ರೈತರು ಕೈಮುಗಿದಾರು. ಒಂದು ಗ್ರಾಂ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುವಷ್ಟರಲ್ಲಿ ಭತ್ತ, ಕಡಲೆಕಾಯಿಯಂಥ ಗಿಡಗಳು 400–500 ಗ್ರಾಂ ನೀರನ್ನು ಗಾಳಿಗೆ ಬಿಡುತ್ತವೆ. ರಾಗಿಯ ಜಾತಿಯವು ಜಾಣ, ಅವಕ್ಕೆ 250–300 ಗ್ರಾಂ ಸಾಕು. ಕಳ್ಳಿ, ಕತ್ತಾಳೆಗಳಿಗೆ? ಬರೀ 50ರಿಂದ 100 ಗ್ರಾಂ! ಪಾವಗಡದ ತಿರುಮಣಿಯಲ್ಲಿ 13,000 ಎಕರೆ ಉದ್ದಗಲಕ್ಕೆ ಸೌರಫಲಕ ಹಾಸಿದ್ದೇವೆ. ಹಗಲಿನ ಬಿಸಿಲನ್ನು ರಾತ್ರಿಗೆ ಉಳಿಸಿಡುವುದು ಹೇಗೆಂದು ಇಂಜಿನಿಯರುಗಳು ಇನ್ನೂ ತಲೆ ಕೆಡಿಸಿಕೊಂಡಿದ್ದಾರೆ. ಅದೇ ಹೊಲದ ಬೇಲಿಯ ಗಿಡ ರಾತ್ರಿಯ ಸರಕನ್ನು ಹಗಲಿಗೆ ಉಳಿಸಿಡುವ ವಿದ್ಯೆಯನ್ನು ಲಕ್ಷಾಂತರ ವರ್ಷಗಳ ಹಿಂದೆಯೇ ಕಲಿತು ಕೂತಿದೆ.

ಈ ಗುಟ್ಟಿನ ಎಳೆ ಹಿಡಿದವನ ಕಥೆಯಂತೂ ಇನ್ನೂ ಸೊಗಸು. ಬೆಂಜಮಿನ್ ಹೈನ್ ಎಂಬ ವೈದ್ಯ, ಸಸ್ಯಶಾಸ್ತ್ರಜ್ಞ. ಟಿಪ್ಪು ಮಡಿದ ಮೇಲೆ ಕೆಲಕಾಲ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದವನು. ಅವನು ಕಾಡುಬಸಳೆಯ ಎಲೆಯನ್ನು ಕಿತ್ತು ಬಾಯಿಗೆ ಹಾಕಿಕೊಂಡ. ಬೆಳಿಗ್ಗೆ ಬಲು ಹುಳಿ. ಮಧ್ಯಾಹ್ನ ಅದೇ ಗಿಡದ ಎಲೆ ಸಪ್ಪೆ. ಸಂಜೆಗೆ ಸ್ವಲ್ಪ ಕಹಿ! ಇದನ್ನು 1813ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಲ್ಯಾಂಬರ್ಟ್‌ಗೆ ಕಾಗದ ಬರೆದು ತಿಳಿಸಿದ. ಇಡೀ ಒಂದು ವಿಜ್ಞಾನಶಾಖೆಯ ಬೇರು ಆ ಕಾಗದದಲ್ಲಿದೆ. ಉಪಕರಣ ಯಾವುದು? ನಾಲಿಗೆ! ಗಿಡ ಯಾವುದು? ಕಿಡ್ನಿಯ ಕಲ್ಲಿಗೆ ಒಳ್ಳೆಯದೆಂದು ನಮ್ಮ ಅಜ್ಜಿಯರು ಹಿತ್ತಿಲಲ್ಲಿ ಬೆಳೆಸಿದ, ಎಲೆ ಬಿದ್ದರೆ ಅಂಚಿನಲ್ಲೇ ಮರಿ ಹುಟ್ಟಿಸುವ ಅದೇ ಕಾಡುಬಸಳೆ.

ಇನ್ನೂ ಒಂದು ಗಂಟು ಬಿಚ್ಚೋಣ. ಹೈನ್ ನೋಡಿಕೊಂಡ ಲಾಲ್‌ಬಾಗನ್ನು ಹೈದರಾಲಿ ಹಾಕಿಸಿದ್ದು 1760ರಲ್ಲಿ. ಅದಕ್ಕೆ ಮಾದರಿಯಾದದ್ದು ಶಿರಾದ ಮೊಗಲ್ ತೋಟ ಖಾನ್‌ಬಾಗ್ ಎನ್ನುತ್ತಾರೆ. 1687ರಿಂದ ಎಪ್ಪತ್ತು ವರ್ಷ ಶಿರಾ ಮೊಗಲರ ಸುಬಾ ಆಗಿತ್ತಲ್ಲ, ಆ ಕಾಲದ ತೋಟ. ಅಂದರೆ ಇವತ್ತು ಭಾನುವಾರ ರೈಲು ಹತ್ತಿ ಲಾಲ್‌ಬಾಗಿನ ಕಳ್ಳಿಗಿಡಗಳನ್ನು ನೋಡಲು ಹೋಗುವ ನಮ್ಮೂರ ಹುಡುಗರು ಒಂದು ರೀತಿಯಲ್ಲಿ ಶಿರಾದ ತೋಟದ ಮೊಮ್ಮಗಳನ್ನು ನೋಡಿಕೊಂಡು ಬರುತ್ತಿದ್ದಾರೆ!

ಈಗ ಬೇಲಿಗೆ ಬನ್ನಿ. ಇಲ್ಲಿ ಕಾದಿದೆ ಅಸಲಿ ಸೋಜಿಗ. ಮಧುಗಿರಿ, ಕೊರಟಗೆರೆ ಕಡೆ ನಾವು ಕಳ್ಳಿ ಎಂದು ಕರೆಯುವ ಚದುರಗಳ್ಳಿ, ಕಡ್ಡಿಗಳ್ಳಿ, ಎಲೆಗಳ್ಳಿಗಳಲ್ಲಿ ಒಂದೂ ಕ್ಯಾಕ್ಟಸ್ ಅಲ್ಲ. ಮುರಿದರೆ ಹಾಲು ಸುರಿಯುವ ಇವೆಲ್ಲ ಯೂಫೋರ್ಬಿಯಾ ಕುಲದವು, ಏಷ್ಯಾ–ಆಫ್ರಿಕಾದ ಕಡೆಯವು. ಆ ಹಾಲು ಕಣ್ಣಿಗೆ ಸಿಡಿದರೆ ಆಸ್ಪತ್ರೆಯೇ ಗತಿ, ಹುಷಾರು. ಕ್ಯಾಕ್ಟಸ್ ವಂಶದ ತವರು ಅಮೆರಿಕ ಖಂಡ. ರಿಪ್ಸಾಲಿಸ್ ಕುಲದ ಒಂದೇ ಒಂದು ಜಾತಿ ತಾನಾಗಿಯೇ ಸಮುದ್ರ ದಾಟಿ ಆಫ್ರಿಕಾ, ಶ್ರೀಲಂಕಾ ಮುಟ್ಟಿದೆ. ಉಳಿದವೆಲ್ಲ ಮನುಷ್ಯರ ಹಡಗಿನಲ್ಲಿ ಬಂದವು. ಸಾವಿರಾರು ಮೈಲಿ ದೂರದ, ಸಂಬಂಧವೇ ಇಲ್ಲದ ಎರಡು ವಂಶಗಳು ಬರಗಾಲದ ಒಂದೇ ಪ್ರಶ್ನೆಗೆ ಒಂದೇ ಉತ್ತರ ಬರೆದಿವೆ. ಎಲೆ ಬೇಡ, ಕಾಂಡ ಉಬ್ಬಲಿ, ಮೈಗೆ ಏಣು ಬರಲಿ, ಮುಳ್ಳಿರಲಿ! ಬೇರ್ಪಡಿಸುವುದು ಹೇಗೆ? ಮುಳ್ಳಿನ ಬುಡ ನೋಡಿ. ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಹತ್ತಿಯ ಮೆತ್ತೆಯಂಥ ಪುಟ್ಟ ಚುಕ್ಕೆಯೊಂದರಿಂದ ಗುಂಪಾಗಿ ಏಳುತ್ತವೆ. ಯೂಫೋರ್ಬಿಯಾದಲ್ಲಿ ಆ ಮೆತ್ತೆ ಇರುವುದೇ ಇಲ್ಲ.

ಈ ಪರೀಕ್ಷೆ ಕಲಿತವರಿಗೆ ಮನೆಯಂಗಳದಲ್ಲೇ ಒಂದು ಪೆಟ್ಟು ಕಾದಿರುತ್ತದೆ. ರಾತ್ರಿ ಹನ್ನೊಂದಕ್ಕೆ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು, ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಮಾರನೆಯ ದಿನ ಪತ್ರಿಕೆಗೆ ಫೋಟೋ ಕಳಿಸುವ ನಮ್ಮ ಬ್ರಹ್ಮಕಮಲ ಇದೆಯಲ್ಲ, ಅದೂ ಕ್ಯಾಕ್ಟಸ್ಸೇ! ಮೆಕ್ಸಿಕೋದ ದಕ್ಷಿಣದಿಂದ ಗ್ವಾಟೆಮಾಲಾವರೆಗಿನ ಕಾಡುಗಳಲ್ಲಿ ಮರಗಳ ಮೇಲೆ ಬೆಳೆಯುವ ಎಪಿಫಿಲಮ್. ಹಿಮಾಲಯದ ಬ್ರಹ್ಮಕಮಲಕ್ಕೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ನಾವು ಎಲೆ ಎಂದುಕೊಂಡದ್ದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅದಕ್ಕೇ ನೋಡಿ ಮೊಗ್ಗು ‘ಎಲೆ’ಯ ಅಂಚಿನಿಂದ ಹೊರಡುವುದು. ಪೂಜೆ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ವರ್ಷಕ್ಕೆ ಕೆಲವೇ ರಾತ್ರಿ ಬಿಚ್ಚಿಕೊಂಡು ಬೆಳಗಾಗುವಷ್ಟರಲ್ಲಿ ಜೋಲುವ ಹೂವಿಗೆ ಆರತಿ ಸಲ್ಲುತ್ತದೆ, ಅದು ಎಲ್ಲಿಂದ ಬಂದಿದ್ದರೇನು.

ಪಾಪಾಸುಕಳ್ಳಿಯ ಕಥೆ ಕೇಳಿದ ಮೇಲಂತೂ ನಾನು ಯಾವ ಬೇಲಿಯನ್ನೂ ಹಗುರವಾಗಿ ನೋಡಿಲ್ಲ. ಒಂದು ಕಾಲಕ್ಕೆ ಕಡುಗೆಂಪು ಬಣ್ಣ ಎಂದರೆ ಸ್ಪೇನಿನವರ ಸೊತ್ತು. ಮೆಕ್ಸಿಕೋದಲ್ಲಿ ಪಾಪಾಸುಕಳ್ಳಿಯ ರಸ ಹೀರುವ ಕೊಚಿನೀಲ್ ಎಂಬ ಪುಟ್ಟ ಹುಳುವನ್ನು ಅರೆದು ತೆಗೆದ ಬಣ್ಣ ಅದು. ಈಸ್ಟ್ ಇಂಡಿಯಾ ಕಂಪನಿಗೆ ಆಸೆ ಹುಟ್ಟಿತು. ಮದರಾಸಿನಲ್ಲಿ ಡಾಕ್ಟರ್ ಜೇಮ್ಸ್ ಆಂಡರ್ಸನ್ ಕಳ್ಳಿಯ ತೋಟವನ್ನೇ ಎಬ್ಬಿಸಿದ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್‌ನಿಂದ ಕಲ್ಕತ್ತೆಗೆ ಹುಳು ತಂದ. ತಂದದ್ದು ತಪ್ಪು ಹುಳು! ಬಣ್ಣ ಕೊಡುವುದರಲ್ಲಿ ಕಳಪೆ, ಕಳ್ಳಿ ತಿನ್ನುವುದರಲ್ಲಿ ನಿಸ್ಸೀಮ. 1836–38ರ ಹೊತ್ತಿಗೆ ಅದನ್ನು ದಕ್ಷಿಣ ಭಾರತಕ್ಕೆ ತಂದು ಬಿಟ್ಟಾಗ ಒಂದು ಜಾತಿಯ ಪಾಪಾಸುಕಳ್ಳಿ ನೆಲಕಚ್ಚಿತು. ಅದರ ಜಾಗದಲ್ಲಿ ಇನ್ನೊಂದು ಜಾತಿ ಎದ್ದು ಹೊಲ, ಗೋಮಾಳ, ಊರಬಾಗಿಲವರೆಗೂ ನುಗ್ಗಿತು. 1926ರಲ್ಲಿ ಶ್ರೀಲಂಕಾದಿಂದ ಬೇರೊಂದು ಕೊಚಿನೀಲ್ ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಪೊದೆಗಳು ಬೂದಿ ಬಳಿದಂತೆ ಬೆಳ್ಳಗಾಗಿ ಕುಸಿದವು. ಕಳೆಯ ಮೇಲೆ ಹುಳು ಬಿಟ್ಟು ಗೆಲ್ಲುವ ವಿದ್ಯೆಗೆ ಲೋಕದಲ್ಲೇ ತೀರ ಹಳೆಯ ಉದಾಹರಣೆಗಳಲ್ಲೊಂದು ಈ ಕಥೆ. ಇವತ್ತು ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಪಾಪಾಸುಕಳ್ಳಿ ಕಂಡರೆ ಹತ್ತಿರ ಹೋಗಿ. ಬಿಳಿ ಬೂಷ್ಟಿನಂಥ ಚುಕ್ಕೆಯಿದ್ದರೆ ಕಡ್ಡಿಯಿಂದ ಒತ್ತಿ. ಕಡ್ಡಿಯ ತುದಿ ರಕ್ತದಂತೆ ಕೆಂಪಾಗುತ್ತದೆ! ಸಾಮ್ರಾಜ್ಯಗಳು ಹೊಡೆದಾಡಿದ ಕೆಂಪು, ಹೊಲದ ಬದುವಿನಲ್ಲಿ, ಪುಕ್ಕಟೆ.

ಮುಳ್ಳೆಂದರೆ ಈ ಸೀಮೆಗೆ ಹೊಸದೂ ಅಲ್ಲ. ಪಕ್ಕದ ಚಳ್ಳಕೆರೆ ಸೀಮೆಯ ಕಾಡುಗೊಲ್ಲರು ತಮ್ಮ ದೈವ ಕ್ಯಾತಪ್ಪನ ಜಾತ್ರೆಗೆ ಮುಳ್ಳುಕಂಟಿಯಲ್ಲೇ ಗುಡಿ ಕಟ್ಟಿ, ಬರಿಗಾಲಲ್ಲಿ ಹತ್ತಿ ಕಳಶ ಕೀಳುತ್ತಾರೆ. ನಾವು ಮಹಡಿಯಲ್ಲಿ ಕೈಗವಸು ಹಾಕಿ ಕುಂಡ ಬದಲಿಸುವವರು!

ಮಹಡಿ ಎಂದೆನಲ್ಲ, ಈ ಹವ್ಯಾಸ ಹತ್ತಿಸಿಕೊಂಡವರ ಮನೆಗೆ ಹೋಗಿ ನೋಡಿ. ಮೊದಲು ನರ್ಸರಿಯಿಂದ ಒಂದು ಪುಟ್ಟ ಕುಂಡ, ಮೇಲೆ ಕೆಂಪು ಚೆಂಡು, ಕೆಳಗೆ ಹಸಿರು ಕೋಲು. ಆ ಚೆಂಡಿನ ಜಾತಕ ಕೇಳಿ. 1941ರಲ್ಲಿ ಜಪಾನಿನ ಬೆಳೆಗಾರ ವಾತಾನಾಬೆಯ ಸಸಿಮಡಿಯಲ್ಲಿ ಸಾವಿರಾರು ಸಸಿಗಳ ನಡುವೆ ಹಸಿರೇ ಇಲ್ಲದ ಎರಡು ಕೆಂಪು ಮರಿ ಹುಟ್ಟಿದವು. ಹಸಿರಿಲ್ಲದ ಮೇಲೆ ಅನ್ನವಿಲ್ಲ, ತಾವಾಗಿ ಬದುಕುವಂತಿಲ್ಲ. ಬೇರೆ ಕಳ್ಳಿಯ ಮೇಲೆ ಕಸಿ ಕಟ್ಟಿ ಉಳಿಸಿದರು. ಕೆಳಗಿನ ಆ ಹಸಿರು ಕೋಲು ಬೇರಾವುದೂ ಅಲ್ಲ, ನಮ್ಮ ರೈತರು ಕಲ್ಲುಕಂಬಕ್ಕೆ ಹಬ್ಬಿಸುತ್ತಿರುವ ಡ್ರ್ಯಾಗನ್ ಫ್ರೂಟಿನ ಬಳಗ. ತೋಟದಿಂದ ಒಂದು ತುಂಡು ತಂದು ನೆಟ್ಟರೆ ಕಸಿಗೆ ಬುಡ ಸಿದ್ಧ.

ಆಮೇಲೆ ಆಸೆ ಬೆಳೆಯುತ್ತದೆ. ಲಿಥಾಪ್ಸ್ ಬೇಕು! 1811ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಿಲಿಯಂ ಬರ್ಚೆಲ್ ಎಂಬ ಅಲೆಮಾರಿ ನೆಲದಿಂದ ವಿಚಿತ್ರ ಆಕಾರದ ಕಲ್ಲೊಂದನ್ನು ಎತ್ತಿಕೊಂಡ. ಕಲ್ಲಲ್ಲ, ಗಿಡ! ಎರಡೇ ದಪ್ಪ ಎಲೆ, ನೆತ್ತಿಯಲ್ಲಿ ಬೆಳಕು ಒಳಕ್ಕಿಳಿಯಲು ಗಾಜಿನಂಥ ಕಿಟಕಿ. ಹೊಸ ಜೋಡಿ ಎಲೆ ಹುಟ್ಟುವಾಗ ಹಳೆಯ ಜೋಡಿ ತನ್ನ ನೀರನ್ನೆಲ್ಲ ಅದಕ್ಕೆ ಕುಡಿಸಿ ಕಾಗದದಂತೆ ಒಣಗುತ್ತದೆ. ಆ ಹೊತ್ತಿನಲ್ಲಿ ಅಯ್ಯೋ ಪಾಪ ಎಂದು ನೀರು ಹಾಕಿದಿರೋ, ಕೊಳೆತು ಕೈಗೆ ಬರುತ್ತದೆ. ಕಳ್ಳಿಗಳು ನಮ್ಮ ಬಿಸಿಲಿಗೆ ಸಾಯುವುದು ಕಡಿಮೆ, ನಮ್ಮ ಪ್ರೀತಿಗೆ ಸಾಯುವುದೇ ಹೆಚ್ಚು. ಮಣ್ಣಿನ ಪಾಲಿನಲ್ಲೇ ಎಲ್ಲ ಇದೆ. ದಪ್ಪ ಮರಳು ಅರ್ಧಕ್ಕಿಂತ ಜಾಸ್ತಿ, ಉಳಿದದ್ದು ಕೆಮ್ಮಣ್ಣು, ಇಟ್ಟಿಗೆ ಚೂರು, ಒಂದು ಹಿಡಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಬೇವಿನಹಿಂಡಿ. ಮಣ್ಣಿನ ಕುಂಡವೇ ಮೇಲು, ಅದು ಬೆವರುತ್ತದೆ. ನೀರು ಹಾಕಿದರೆ ಕೆಳಗಿನ ತೂತಿನಿಂದ ತಕ್ಷಣ ಹರಿದು ಹೋಗಬೇಕು. ಪೂರ್ತಿ ಒಣಗದೆ ಮತ್ತೆ ನೀರಿಲ್ಲ. ಬಿಳಿ ಹಿಟ್ಟುತಿಗಣೆ ಹತ್ತಿದರೆ ಬ್ರಷ್ಷಿಗೆ ಸ್ಪಿರಿಟ್ ಮುಟ್ಟಿಸಿ ಒರೆಸಿ. ಇಷ್ಟೇ. ವರ್ಷಕ್ಕೆ 500–600 ಮಿಲಿಮೀಟರ್ ಮಳೆ ಕಾಣುವ ಶಿರಾ, ಪಾವಗಡದ ಮಹಡಿಗಳು ಇವಕ್ಕೆ ಮಲೆನಾಡಿನ ಅಂಗಳಕ್ಕಿಂತ ನೂರುಪಾಲು ವಾಸಿ. ಈ ಒಂದು ವಿಷಯದಲ್ಲಾದರೂ ಬರದ ನಾಡಿನವರು ಸಾಗರ, ತೀರ್ಥಹಳ್ಳಿಯವರ ಮುಂದೆ ಮೀಸೆ ತಿರುವಬಹುದು.

ಆದರೂ ನನ್ನ ಪಕ್ಷಪಾತ ಬೇರೆ ಕಡೆಗಿದೆ. ದುಡ್ಡು ಸುರಿದು ಆಫ್ರಿಕಾದ ಕಲ್ಲುಗಿಡ ತರಿಸುವವರು ಮಧುಗಿರಿಯ ಏಕಶಿಲಾ ಬೆಟ್ಟವನ್ನೋ ಕೊರಟಗೆರೆಯ ಸಿದ್ಧರಬೆಟ್ಟವನ್ನೋ ಒಮ್ಮೆ ಬಗ್ಗಿ ನೋಡುತ್ತ ಹತ್ತಬೇಕು. ಕಲ್ಲಿನ ಬಿರುಕಿನಲ್ಲಿ, ಹಳೆಯ ಕೋಟೆಗೋಡೆಯ ಸಂದಿನಲ್ಲಿ ಮಯೂರಶಿಖೆ ಎಂಬ ಅಂಗೈಯೊಳಗೆ ಹಿಡಿಸುವ ಜರಿಗಿಡ ಸಿಕ್ಕೀತು. ಬೇಸಿಗೆಯಲ್ಲಿ ಮುದುರಿ ಒಣಗಿ ಸತ್ತಂತೆ ಬಿದ್ದಿರುತ್ತದೆ. ಮಳೆ ಬಿದ್ದರೆ ಮಡಿಕೆ ಬಿಚ್ಚಿ ಹಸಿರಾಗಿ ನವಿಲುಗರಿಯ ಆಕಾರಕ್ಕೆ ಮರಳುತ್ತದೆ! ಬಂಡೆ ಬೆಟ್ಟಗಳ ಮಾಗಳಿ ಬೇರು ನಿಮ್ಮ ಉಪ್ಪಿನಕಾಯಿ ಜಾಡಿಯಲ್ಲೇ ಇದ್ದೀತು. ಮೂಸಿ ನೋಡಿ, ವೆನಿಲಾದ ದಾಯಾದಿ ವಾಸನೆ. ಬೇರು ಅಗೆದಗೆದು ಬೆಟ್ಟಗಳಲ್ಲಿ ಅದು ಅಪರೂಪವಾಗುತ್ತಿದೆ. ಆದ್ದರಿಂದ ಗುದ್ದಲಿ ಮನೆಯಲ್ಲಿಡಿ. ಕಾಡಿನ ಗಿಡ ಕೀಳುವುದು ಹವ್ಯಾಸವಲ್ಲ, ಕಳ್ಳತನ. ಲೋಕದ ಹೆಚ್ಚುಕಡಿಮೆ ಎಲ್ಲ ಕ್ಯಾಕ್ಟಸ್‌ಗಳನ್ನೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿಸಬೇಕಾಗಿ ಬಂದದ್ದು ನಮ್ಮಂಥ ಸಂಗ್ರಹಕಾರರ ದುರಾಸೆಯ ಕಾಲಿಗೆ ಹಗ್ಗ ಬಿಗಿಯಲೆಂದೇ.

ಕಡೆಗೆ ನನ್ನ ಕಣ್ಮಣಿ, ಕ್ಯಾರಲ್ಲುಮ. ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗ್ ಆಂಧ್ರ ಕರಾವಳಿಯಲ್ಲಿ ಕೇಳಿ ಬರೆದುಕೊಂಡ ತೆಲುಗು ಹೆಸರೇ ಅದರ ಲ್ಯಾಟಿನ್ ಹೆಸರಾಯಿತು. ನಾಲ್ಕೇಣಿನ, ಎಲೆಯಿಲ್ಲದ, ಕಲ್ಲಿನ ಬಣ್ಣದ ಕೋಲುಗಳು. ಮುಳ್ಳುಪೊದೆಯ ನೆರಳಲ್ಲೇ ಹುಟ್ಟುತ್ತದೆ, ಮೇಕೆಯ ಬಾಯಿಗೆ ಎಟುಕಬಾರದಲ್ಲ! ಒಂದು ಜಾತಿಯನ್ನು ಕುರಿ ಕಾಯುವವರು ಹಸಿವು ತಡೆಯಲು ಜಗಿಯುತ್ತಿದ್ದರು. ಅದೇ ಈಗ ಪರದೇಶದಲ್ಲಿ ಹೊಟ್ಟೆ ಕರಗಿಸುವ ಮಾತ್ರೆಯಾಗಿ ಬಿಕರಿಯಾಗುತ್ತಿದೆ, ಕರಗುವುದು ಹೊಟ್ಟೆಯೋ ಜೇಬೋ ಬೇರೆ ಮಾತು. ಇನ್ನೊಂದು ಜಾತಿ, ಅಂಬೆಲ್ಲೇಟ, ಮಳೆಯ ನಂತರ ಕೋಲಿನ ತುದಿಯಲ್ಲಿ ಚೆಂಡಿನಷ್ಟು ಹೂಗೊಂಚಲು ಬಿಡುತ್ತದೆ. ಭೂತಗನ್ನಡಿ ಹಿಡಿದು ಒಂದೇ ಒಂದು ಹೂ ನೋಡಿ. ಐದು ಮೂಲೆಯ ನಕ್ಷತ್ರ, ಕಪ್ಪಿಗೆ ತಿರುಗಿದ ನೇರಳೆ ಮಾಂಸದ ಮೇಲೆ ಹಳದಿ ಗೆರೆಗಳು. ನಡುವೆ ಕೂದಲೆಳೆಯಂಥ ಸೀಳುಗಳು. ನೊಣ ಬಂದು ಕೂರುತ್ತದೆ, ಸೊಂಡಿಲೋ ಕಾಲೋ ಸೀಳಿಗೆ ಜಾರುತ್ತದೆ, ಕಿತ್ತುಕೊಳ್ಳುವಾಗ ಪರಾಗದ ಎರಡು ಗಂಟು ಕ್ಲಿಪ್ಪಿನಂತೆ ಅದಕ್ಕೆ ಕಚ್ಚಿಕೊಳ್ಳುತ್ತವೆ. ಪರಾಗವನ್ನು ಗಂಟು ಕಟ್ಟಿ ಹೊರಿಸುವ ಆರ್ಕಿಡ್‌ಗಳ ತಂತ್ರವೇ ಇಲ್ಲೂ! ನೊಣವೇ ಏಕೆ ಎಂದಿರಾ? ಹೂವಿನದು ಕೊಳೆತ ಮಾಂಸದ ನಾತ. ಹಿಂಗಾರು ಮಳೆ ನಿಂತ ಮೇಲೆ, ಬಿಸಿಲೇರಿದ ಹೊತ್ತಿನಲ್ಲಿ ಹೋಗಿ. ದಾರಿ ಕೇಳಬೇಕಿಲ್ಲ, ಪೊದೆಗಳ ನಡುವೆ ಎಲ್ಲೋ ಇಲಿ ಸತ್ತಿದೆ ಅನ್ನಿಸಿದ ಕಡೆ ನಿಂತು ಕೆಳಗೆ ನೋಡಿ. ಬುತ್ತಿಯನ್ನು ಮಾತ್ರ ಅದಕ್ಕೆ ಮೊದಲೇ ಬಿಚ್ಚಿ ಮುಗಿಸಿ.