ವೆಬ್‌ಮೇಲ್: ಗುಪ್ತಪದ ಬದಲಿಸಿದರಷ್ಟೇ ಸಾಲದು

ಬಿಳಿಗೆರೆ, ನಂಜನಗೂಡು ಭಾಗದ ಅನೇಕ ವರ್ತಕರಿಗೆ ಬಿಲ್ಲು, ಕೊಟೇಶನ್, ಜಿಎಸ್‌ಟಿ ಒಟಿಪಿಗಳು ಇಂದು ಒಂದೇ ಇ-ಮೇಲ್ ಖಾತೆಗೆ ಬರುತ್ತವೆ. ಜಿಮೇಲ್ ಸೇವೆಯು 2010ರಲ್ಲಿ ಎಚ್‌ಟಿಟಿಪಿಎಸ್ ಸಂಪರ್ಕವನ್ನು ಮೂಲ ವ್ಯವಸ್ಥೆಯಾಗಿ ಅಳವಡಿಸಿತು. 2011ರಲ್ಲಿ ಎರಡು ಹಂತದ ದೃಢೀಕರಣವನ್ನು ಒದಗಿಸಿತು. ಮೊದಲನೆಯದು ಬ್ರೌಸರ್‌ನಿಂದ ಸರ್ವರ್‌ವರೆಗೆ ಪತ್ರವನ್ನು ಕಾಯುತ್ತದೆ. ಎರಡನೆಯದು ಗುಪ್ತಪದ ಕದ್ದವನನ್ನು ಸಾಮಾನ್ಯವಾಗಿ ಬಾಗಿಲಲ್ಲೇ ತಡೆಯುತ್ತದೆ.

ಆದರೆ ಒಮ್ಮೆ ಒಳನುಗ್ಗಿದ ವಂಚಕನು ‘ಫಾರ್ವರ್ಡಿಂಗ್’ನಲ್ಲಿ ತನ್ನ ವಿಳಾಸ ಸೇರಿಸಿದ್ದರೆ, ಗುಪ್ತಪದ ಬದಲಿಸಿದ ನಂತರವೂ ಪತ್ರಗಳ ಪ್ರತಿ ಅವನಿಗೆ ಹೋಗುತ್ತಲೇ ಇರಬಹುದು. ಬಿಲ್ಲಿನ ಮೊತ್ತವನ್ನು ಅರಿತ ಅವನು, ಪೂರೈಕೆದಾರರ ಹೆಸರಿನಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಬರೆಯುತ್ತಾನೆ.

ಆದುದರಿಂದ ಸದಸ್ಯರು ಫಾರ್ವರ್ಡಿಂಗ್ ಹಾಗೂ ಫಿಲ್ಟರ್‌ಗಳನ್ನು ಪ್ರತಿ ತಿಂಗಳು ಪರಿಶೀಲಿಸತಕ್ಕದ್ದು. ಖಾತೆ ಬದಲಾವಣೆಯನ್ನು, ತಮ್ಮಲ್ಲಿ ಮೊದಲಿನಿಂದಲೂ ಇರುವ ದೂರವಾಣಿ ಸಂಖ್ಯೆಗೇ ಕರೆಮಾಡಿ ಖಚಿತಪಡಿಸಿಕೊಳ್ಳುವುದು ಒಳಿತು. ಹಣ ಕೈತಪ್ಪಿದಲ್ಲಿ ವಿಳಂಬವಿಲ್ಲದೆ 1930ಕ್ಕೆ ತಿಳಿಸಬೇಕು.