ಸ್ವಭಕ್ಷಣೆಯನ್ನು ತಡೆದು ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಹುದೇ?

ಜೀವಕೋಶವು ತನ್ನೊಳಗಿನ ಕೆಟ್ಟ ಪ್ರೋಟೀನು, ಸವೆದ ಮೈಟೊಕಾಂಡ್ರಿಯಗಳನ್ನು ಪೊರೆಯ ಚೀಲದಲ್ಲಿ ಸುತ್ತಿ ಲೈಸೊಸೋಮಿಗೆ ಸಾಗಿಸುತ್ತದೆ. ಅಲ್ಲಿನ ಆಮ್ಲೀಯ ವಾತಾವರಣದಲ್ಲಿ ಕಿಣ್ವಗಳು ಅವನ್ನು ಒಡೆಯುತ್ತವೆ. ದೊರೆತ ಅಮೈನೊ ಆಮ್ಲ, ಕೊಬ್ಬಿನಾಮ್ಲಗಳು ಮತ್ತೆ ಬಳಕೆಯಾಗುತ್ತವೆ. ಇದೇ ಆಟೊಫಜಿ, ಅಂದರೆ ಸ್ವಭಕ್ಷಣೆ. ಯೀಸ್ಟ್‌ನಲ್ಲಿ ಇದಕ್ಕೆ ಬೇಕಾದ ಜೀನುಗಳನ್ನು ಗುರುತಿಸಿದ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಕ್ಯಾನ್ಸರಿನ ಮಟ್ಟಿಗೆ ಈ ವ್ಯವಸ್ಥೆ ಎರಡೂ ಪಕ್ಷದ್ದು. ಗೆಡ್ಡೆ ಹುಟ್ಟುವ ಮೊದಲು ಅದು ಡಿಎನ್‌ಎ ಕೆಡಿಸುವ ತ್ಯಾಜ್ಯವನ್ನು ತೆರವು ಮಾಡುವ ಕಾವಲುಗಾರ. ಸ್ವಭಕ್ಷಣೆಗೆ ಬೇಕಾದ ಬೆಕ್ಲಿನ್-1 ಜೀನಿನ ಒಂದು ಪ್ರತಿ ಇಲ್ಲದ ಇಲಿಗಳಲ್ಲಿ ಗೆಡ್ಡೆಗಳು ಹೆಚ್ಚು. ಗೆಡ್ಡೆ ಬೆಳೆದ ಮೇಲೆ ಮಾತ್ರ ಅದೇ ಶತ್ರುವಿಗೆ ಅನ್ನ ಹಾಕುತ್ತದೆ. ರಕ್ತ ಸರಿಯಾಗಿ ತಲುಪದ ಒಳಭಾಗದ ಕೋಶಗಳು, ಕೀಮೊಥೆರಪಿಯ ಏಟು ತಿಂದ ಕೋಶಗಳು ಸ್ವಭಕ್ಷಣೆಯಿಂದಲೇ ಬದುಕಿಕೊಳ್ಳುತ್ತವೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದರ ಮೇಲೆ ವಿಶೇಷವಾಗಿ ಅವಲಂಬಿತ.

ಸ್ವಭಕ್ಷಣೆಯನ್ನು ತಡೆಯಲು ಸದ್ಯ ಕೈಗೆ ಸಿಗುವ ಔಷಧ ಮಲೇರಿಯಾ, ಸಂಧಿವಾತಗಳಿಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್. ಅದು ಲೈಸೊಸೋಮಿನ ಕೆಲಸವನ್ನೇ ಕೆಡಿಸುತ್ತದೆ. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಹರಡಿದ್ದ ಮೇದೋಜೀರಕ ಕ್ಯಾನ್ಸರಿನ 112 ರೋಗಿಗಳ ಪೈಕಿ ಕೆಲವರಿಗೆ ಕೀಮೊಥೆರಪಿಯೊಂದಿಗೆ ಇದನ್ನೂ ಕೊಡಲಾಯಿತು. ಗೆಡ್ಡೆ ಕುಗ್ಗಿದವರ ಪ್ರಮಾಣ ಅವರಲ್ಲಿ ಹೆಚ್ಚಿತ್ತು, ಆದರೆ ಒಂದು ವರ್ಷ ಬದುಕುಳಿದವರ ಪ್ರಮಾಣ ಹೆಚ್ಚಲಿಲ್ಲ. ಹೀಗಾಗಿ ಇನ್ನಷ್ಟು ನಿಖರವಾದ ತಡೆಗಳ ಹುಡುಕಾಟ ನಡೆದಿದೆ.

ಉಪವಾಸ ಸ್ವಭಕ್ಷಣೆಯನ್ನು ಹೆಚ್ಚಿಸಿ ಕ್ಯಾನ್ಸರ್ ಓಡಿಸುತ್ತದೆ ಎಂಬ ಪ್ರಚಾರಕ್ಕೆ ಚಿಕಿತ್ಸಾ ಆಧಾರವಿಲ್ಲ. ಮೊದಲೇ ತೂಕ ಕಳೆದುಕೊಳ್ಳುವ ರೋಗಿಗಳಿಗೆ ಅದು ಅಪಾಯವೇ.