ಏಳನೆಯ ಗುಂಡು

ಬಿಟ್ಟ ಆಯುಧ ಎಂದಿಗೂ ಗುರಿ ತಪ್ಪಬಾರದೆಂಬುದು ಮನುಷ್ಯನ ಬಹು ಹಳೆಯ ಹಂಬಲಗಳಲ್ಲೊಂದು. ವಾಲ್ಮೀಕಿ ರಾಮಾಯಣದಲ್ಲಿ ಸೀತೆಯನ್ನು ಕಾಡಿದ ಕಾಗೆಯ ಮೇಲೆ ರಾಮನು ಮಂತ್ರಿಸಿ ಬಿಟ್ಟ ದರ್ಭೆಯ ಕಡ್ಡಿ ಮೂರು ಲೋಕಗಳಲ್ಲಿಯೂ ಆ ಕಾಗೆಯನ್ನು ಅಟ್ಟಿಕೊಂಡು ಹೋಗುತ್ತದೆ. ಕಾಗೆ ಶರಣಾಗತವಾದ ಮೇಲೂ ಅಸ್ತ್ರವು ಬರಿದೆ ಹಿಂದಿರುಗಲೊಲ್ಲದು. ಒಂದು ಕಣ್ಣನ್ನಾದರೂ ತೆತ್ತೇ ಅದು ಪ್ರಾಣ ಉಳಿಸಿಕೊಳ್ಳಬೇಕಾಯಿತು. ಅದೇ ಕಾವ್ಯದಲ್ಲಿ ದಶರಥನು ಸರಯೂ ನದಿಯ ದಡದ ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಬಗೆದು ಶಬ್ದವೇಧಿ ಬಾಣವನ್ನು ಬಿಡುತ್ತಾನೆ. ಬಾಣವೇನೋ ಗುರಿಯನ್ನು ಮುಟ್ಟಿತು. ಬಿದ್ದವನು ಮಾತ್ರ ಕುರುಡು ತಾಯಿತಂದೆಯರಿಗೆ ಊರುಗೋಲಾಗಿದ್ದ ಮುನಿಕುಮಾರ. ಗುರಿ ತಪ್ಪದ ಆಯುಧಕ್ಕೆ ಬೆಲೆಯೊಂದುಂಟು, ಆ ಬೆಲೆಯನ್ನು ಯಾರು ತೆರಬೇಕಾದೀತೆಂಬುದು ಬಿಡುವವನಿಗೆ ತಿಳಿದಿರುವುದಿಲ್ಲ ಎಂಬ ಅರಿವು ನಮ್ಮ ಆದಿಕವಿಗೇ ಇತ್ತು.

ಇದೇ ಅರಿವು ಜರ್ಮನಿಯ ಜಾನಪದದಲ್ಲಿ ಹುಟ್ಟಿ, ಸಂಗೀತ ನಾಟಕವಾಗಿ ಬೆಳೆದು, ನಮ್ಮ ಕಾಲದಲ್ಲಿ ಜಪಾನಿನ ಚಿತ್ರಕಥೆಯೊಂದರಲ್ಲಿ ನಗುಮೊಗದ ಹೆಣ್ಣೊಬ್ಬಳ ರೂಪ ತಾಳಿದ ಬಗೆಯನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ಜರ್ಮನಿಯ ಕಥೆ. 19ನೆಯ ಶತಮಾನದ ಆರಂಭದಲ್ಲಿ ಆಪೆಲ್ ಮತ್ತು ಲೌನ್ ಎಂಬಿಬ್ಬರು ಲೇಖಕರು ಪ್ರಕಟಿಸಿದ ಭೂತಕಥೆಗಳ ಸಂಗ್ರಹದಲ್ಲಿ ಇದು ಬರುತ್ತದೆ. ಪಿಶಾಚಿಯ ನೆರವಿನಿಂದ ಎರಕ ಹೊಯ್ದ ಗುಂಡುಗಳು ಬೇಟೆಗಾರನು ಬಯಸಿದಲ್ಲಿಗೆ ಹೋಗಿ ತಾಗುತ್ತವೆ. ಆದರೆ ಅವುಗಳ ನಡುವೆ ಪಿಶಾಚಿಯ ಪಾಲೂ ಇರುತ್ತದೆ. ಮದುವೆಗಾಗಿ ಗುರಿಯ ಪರೀಕ್ಷೆಯಲ್ಲಿ ಗೆಲ್ಲಬೇಕಾಗಿದ್ದ ತರುಣನ ಗುಂಡು ಅವನ ವಧುವನ್ನೇ ಕೊಲ್ಲುತ್ತದೆ. ಅವನು ಹುಚ್ಚಾಸ್ಪತ್ರೆಯಲ್ಲಿ ದಿನಗಳನ್ನು ಕಳೆಯುತ್ತಾನೆ.

ಇದನ್ನು ಆಧರಿಸಿ ಫ್ರೀಡ್ರಿಖ್ ಕಿಂಡ್ ಸಾಹಿತ್ಯ ಬರೆದು, ಕಾರ್ಲ್ ಮರಿಯಾ ಫಾನ್ ವೇಬರ್ ಸಂಗೀತ ಸಂಯೋಜಿಸಿದ 'ಡೆರ್ ಫ್ರೈಷುಟ್ಸ್' ಎಂಬ ಅಪೆರಾ 1821ರ ಜೂನ್ 18ರಂದು ಬರ್ಲಿನ್ನಿನಲ್ಲಿ ರಂಗವೇರಿತು. ಇಲ್ಲಿ ಗುಂಡುಗಳು ಏಳು. ಆರು ಬೇಟೆಗಾರನ ಮಾತು ಕೇಳುತ್ತವೆ, ಏಳನೆಯದು ಸಾಮಿಯೆಲ್ ಎಂಬ ಪಿಶಾಚಿಯ ಅಧೀನ. ತನ್ನ ಆತ್ಮವನ್ನು ಸಾಮಿಯೆಲ್‌ಗೆ ಮಾರಿಕೊಂಡಿರುವ ಕಾಸ್ಪರ್ ಎಂಬ ಬೇಟೆಗಾರ, ತನ್ನ ಬದಲು ಇನ್ನೊಬ್ಬನನ್ನು ಒಪ್ಪಿಸಿ ತಪ್ಪಿಸಿಕೊಳ್ಳಲು ಹವಣಿಸಿ, ಮಾಕ್ಸ್ ಎಂಬ ತರುಣನನ್ನು ನಡುರಾತ್ರಿಯಲ್ಲಿ ತೋಳನ ಕಣಿವೆಗೆ ಕರೆಸಿಕೊಳ್ಳುತ್ತಾನೆ. ಕೊನೆಯ ಗುಂಡು ವಧುವನ್ನು ಬಿಟ್ಟು ಕಾಸ್ಪರನನ್ನೇ ತಾಗುತ್ತದೆ. ಸನ್ಯಾಸಿಯೊಬ್ಬನ ಮಾತಿನಿಂದ ಮಾಕ್ಸನಿಗೆ ಒಂದು ವರ್ಷದ ಅವಧಿಯೂ ಕ್ಷಮೆಯ ಭರವಸೆಯೂ ದೊರೆಯುತ್ತವೆ. ಅಷ್ಟೇ ಅಲ್ಲ, ಒಂದು ಗುಂಡಿನ ಮೇಲೆ ಒಬ್ಬನ ಬಾಳನ್ನು ನಿಲ್ಲಿಸುವ ಆ ಪರೀಕ್ಷೆಯ ಪದ್ಧತಿಯೇ ಇನ್ನು ಬೇಡವೆಂದು ತೀರ್ಮಾನವಾಗುತ್ತದೆ. ಈ ತೀರ್ಮಾನದಲ್ಲಿಯೇ ಆ ಕೃತಿಯ ವಿವೇಕವಿದೆ ಎಂದು ನನಗೆ ತೋರುತ್ತದೆ.

ಇನ್ನು ಜಪಾನಿನ ಕಥೆ. ಅಲ್ಲಿ ಅಚ್ಚಿನ ಚಿತ್ರಕಥೆಗೆ ಮಾಂಗಾ ಎಂದೂ ಚಲಿಸುವ ಚಿತ್ರಕಥೆಗೆ ಅನಿಮೆ ಎಂದೂ ಹೆಸರು. ಕೊಹ್ತಾ ಹಿರಾನೊ ಎಂಬ ಚಿತ್ರಕಾರರ 'ಹೆಲ್ಸಿಂಗ್' ಎಂಬ ಮಾಂಗಾ 1997ರಿಂದ 2008ರವರೆಗೆ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿತು. ಅದನ್ನು ಅನುಸರಿಸಿದ ಹತ್ತು ಕಂತುಗಳ ಅನಿಮೆ 2006ರಿಂದ 2012ರವರೆಗೆ ಹೊರಬಂದಿತು. 1897ರಲ್ಲಿ ಪ್ರಕಟವಾದ ಬ್ರಾಮ್ ಸ್ಟೋಕರನ 'ಡ್ರಾಕುಲಾ' ಕಾದಂಬರಿಯ ರಕ್ತಪಿಶಾಚಿ ಇಲ್ಲಿ ಆಲುಕಾರ್ಡ್ ಎಂಬ ಹೆಸರಿನಿಂದ ಇಂಗ್ಲೆಂಡಿನ ಸಂಸ್ಥೆಯೊಂದರ ಸೇವೆಯಲ್ಲಿದ್ದಾನೆ. ಡ್ರಾಕುಲಾ ಎಂಬುದರ ರೋಮನ್ ಅಕ್ಷರಗಳನ್ನು ತಿರುಗುಮುರುಗಾಗಿ ಓದಿದರೆ ಈ ಹೆಸರು ದೊರೆಯುತ್ತದೆ. ಇವನ ಎದುರಾಳಿಗಳು ಸೋತುಹೋದ ನಾಜಿ ಸೈನ್ಯದ ಪಳೆಯುಳಿಕೆಗಳು. ತಾವೂ ರಕ್ತಪಿಶಾಚಿಗಳಾಗಿ ಅರ್ಧ ಶತಮಾನ ಅಡಗಿದ್ದು, ಯುದ್ಧಕ್ಕಾಗಿಯೇ ಯುದ್ಧವನ್ನು ಬಯಸಿ ಎದ್ದು ಬಂದವರು. ಅವರ ನಡುವಿನ ಗುರಿಕಾರ್ತಿಯೇ ರಿಪ್ ವ್ಯಾನ್ ವಿಂಕಲ್.

ತೆಳ್ಳನೆಯ ಉದ್ದನೆಯ ಮೈಕಟ್ಟು, ದುಂಡು ಕನ್ನಡಕ, ಮುಖದ ತುಂಬ ಮಚ್ಚೆಯ ಚುಕ್ಕೆಗಳು, ಕೈಯಲ್ಲಿ ಚಕಮಕಿ ಕಲ್ಲಿನ ಕಾಲದ ನೀಳವಾದ ಕೋವಿ. ಅವಳ ಗುಂಡು ಹಾರಿದ ಮೇಲೆ ಆಕಾಶದಲ್ಲಿಯೇ ತಿರುಗುತ್ತದೆ, ಒಂದನ್ನು ಭೇದಿಸಿ ಮತ್ತೊಂದನ್ನು ಹುಡುಕಿಕೊಂಡು ಹೋಗುತ್ತದೆ. ವಶಪಡಿಸಿಕೊಂಡ ಬ್ರಿಟಿಷ್ ಯುದ್ಧನೌಕೆಯ ಮೇಲೆ ಅವಳು ಗುನುಗುವುದು ವೇಬರನ ಅಪೆರಾದ ಹಾಡನ್ನು. ತಾನು ಆ ಕಥೆಯ ಬೇಟೆಗಾರಳೆಂಬ ಹಿಗ್ಗು ಅವಳಿಗೆ.

ಅವಳ ಹೆಸರಿನಲ್ಲಿಯೂ ಅರ್ಥವಿದೆ. ವಾಷಿಂಗ್ಟನ್ ಇರ್ವಿಂಗ್ 1819ರಲ್ಲಿ ಬರೆದ ಕಥೆಯ ರಿಪ್ ವ್ಯಾನ್ ವಿಂಕಲ್ ಬೇಟೆಗೆಂದು ಬೆಟ್ಟಕ್ಕೆ ಹೋಗಿ ಇಪ್ಪತ್ತು ವರ್ಷ ನಿದ್ರಿಸಿದವನು. ಎಚ್ಚೆತ್ತಾಗ ಪಕ್ಕದಲ್ಲಿದ್ದುದು ತುಕ್ಕು ಹಿಡಿದ ಕೋವಿ. ಊರಿಗೆ ಬಂದರೆ ಅವನು ಬಲ್ಲ ಅರಸನ ಆಳ್ವಿಕೆಯೇ ಮುಗಿದುಹೋಗಿತ್ತು. ಆ ಪಾಪದ ಮುದುಕ ಕಾಲ ಬದಲಾದುದನ್ನು ಒಪ್ಪಿಕೊಂಡು ಕಥೆ ಹೇಳುತ್ತ ಉಳಿದ. ಈ ಹೆಣ್ಣಿನ ಕೋವಿಗೆ ತುಕ್ಕು ಹಿಡಿದಿಲ್ಲ, ಅವಳಿಗೆ ಬದಲಾದ ಕಾಲದ ಪರಿವೆಯೂ ಇಲ್ಲ.

ನಿಜವಾದ ದೂರಗುರಿಕಾರರ ಬಾಳು ಬೇರೆ. ಅವರಿಗೆ 'ಸ್ನೈಪರ್' ಎಂಬ ಹೆಸರು ಬಂದುದೇ 18ನೆಯ ಶತಮಾನದ ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಬೇಟೆಯಿಂದ. ಜೌಗು ನೆಲದ ಸ್ನೈಪ್ ಎಂಬ ಪುಟ್ಟ ಹಕ್ಕಿ ಥಟ್ಟನೆ ಎದ್ದು ವಕ್ರವಾಗಿ ಹಾರುವುದರಿಂದ ಅದನ್ನು ಹೊಡೆಯುವುದು ದೊಡ್ಡ ಚಮತ್ಕಾರವೆನಿಸಿತ್ತು. ಹಕ್ಕಿಯ ಬೇಟೆಯ ಮಾತು ಮುಂದೆ ಮನುಷ್ಯರ ಬೇಟೆಗೆ ಅಂಟಿಕೊಂಡಿತು. ಕೋವಿಯಿಂದ ಹೊರಟ ಗುಂಡನ್ನು ಭೂಮಿ ಕೆಳಗೆಳೆಯುತ್ತದೆ, ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಆ ಲೆಕ್ಕವನ್ನೆಲ್ಲ ಹಾಕುತ್ತ ಗಂಟೆಗಟ್ಟಲೆ ಕದಲದೆ ಮಲಗಿರುವುದೇ ಅವರ ವಿದ್ಯೆ. ಎರಡನೆಯ ಮಹಾಯುದ್ಧದಲ್ಲಿ 309 ಜನ ಶತ್ರುಗಳನ್ನು ಹೊಡೆದಳೆಂದು ಸೋವಿಯತ್ ದಾಖಲೆ ಹೇಳುವ ಲ್ಯುದ್ಮಿಲಾ ಪಾವ್ಲಿಚೆಂಕೊ ಇತಿಹಾಸದ ವಿದ್ಯಾರ್ಥಿನಿಯಾಗಿದ್ದವಳು, ತನ್ನ ನೆಲಕ್ಕೆ ನುಗ್ಗಿದ ನಾಜಿಗಳ ವಿರುದ್ಧ ಕೋವಿ ಹಿಡಿದವಳು. ಹೀಗೆ ಕಾಯುವವರು ದುರ್ಬೀನಿನ ಗಾಜಿನೊಳಗೆ ಎದುರಿನವನ ಮುಖವನ್ನು ನೋಡಿಯೇ ಕುದುರೆಯನ್ನು ಎಳೆಯಬೇಕು.

ಮಾಯಾಗುಂಡು ಇದಿಷ್ಟನ್ನೂ ಇಲ್ಲವಾಗಿಸುತ್ತದೆ. ಲೆಕ್ಕ ಬೇಡ, ಕಾಯುವುದು ಬೇಡ, ಮುಖ ನೋಡುವುದೂ ಬೇಡ. ರಿಪ್ ವ್ಯಾನ್ ವಿಂಕಲಳ ಉಲ್ಲಾಸದ ಮೂಲ ಇದೇ ಎಂದು ನಾನು ತಿಳಿದಿದ್ದೇನೆ. ಶ್ರಮವಿಲ್ಲದ ಕೊಲೆ ಅವಳಿಗೆ ಆಟವಾಗಿದೆ. ಹಡಗನ್ನು ಬಿಡಿಸಲು ಬಂದ ಸೈನಿಕರು ಅವಳ ಪಾಲಿಗೆ ದೂರದಲ್ಲಿ ಉರಿದು ಬೀಳುವ ಕಿಡಿಗಳು ಮಾತ್ರ.

ಆದರೆ ಆಲುಕಾರ್ಡ್ ಅವಳನ್ನು ಅರಸಿ ವಿಮಾನವೇರಿ ಬಂದು, ಉರಿಯುತ್ತ ಆ ಹಡಗಿನ ಮೇಲೆಯೇ ಎರಗುತ್ತಾನೆ. ಅವಳ ಗುಂಡು ಅವನನ್ನು ಮತ್ತೆ ಮತ್ತೆ ತೂರಿಹೋಗುತ್ತದೆ. ಕೊನೆಗೆ ಅವನು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾನೆ. ಅಲ್ಲಿಗೆ ನಗು ಅಡಗಿತು. ಬೇಟೆಗಾರಳೆಂದು ಬೀಗಿದವಳು ಕಾಸ್ಪರನಾದಳು, ಎದುರಿಗೆ ನಿಂತವನು ಸಾಮಿಯೆಲ್ ಆದ. ಅವಳ ಕೋವಿಯೇ ಅವಳ ಎದೆಯನ್ನು ಇರಿಯುತ್ತದೆ.

ಕಾಲೇಜಿನಲ್ಲಿ ಓದುವ ನನ್ನ ಮೊಮ್ಮಗಳು ಈ ಭಾಗವನ್ನು ನನಗೆ ತೋರಿಸಿ, "ತಾತ, ಅಷ್ಟು ಜನರನ್ನ ನಗುತ್ತ ಕೊಂದವಳು ಇವಳು. ಸಾಯುವಾಗ ನನಗ್ಯಾಕೆ ಅಯ್ಯೋ ಅನ್ನಿಸಿತು?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮ ಕರುಣೆ ಮುಖ ಕಂಡಲ್ಲಿಗೆ ಹರಿಯುತ್ತದೆ. ರಿಪ್ ವ್ಯಾನ್ ವಿಂಕಲಳ ಅಂಜಿಕೆ, ಬೆವರು, ಕಣ್ಣೀರು ಎಲ್ಲವನ್ನೂ ಚಿತ್ರಕಾರರು ಹತ್ತಿರದಿಂದ ತೋರಿಸಿದ್ದಾರೆ. ಅವಳು ಕೊಂದವರಿಗೆ ಹೆಸರಿಲ್ಲ, ಮುಖವಿಲ್ಲ. ಅವರ ವಿಷಯದಲ್ಲಿ ನೋಡುವ ನಾವೂ ಅವಳ ಕಣ್ಣಿನಿಂದಲೇ ನೋಡಿದೆವು. ಅವಳಿಗಾಗಿ ಮರುಗಿದುದು ತಪ್ಪಲ್ಲ. ಆ ಮರುಕ ಹಿಂದಕ್ಕೆ ಹರಿದು ಉರಿದು ಬಿದ್ದವರನ್ನೂ ಮುಟ್ಟಬೇಕು ಎಂದು ಅವಳಿಗೆ ಹೇಳಿದೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅವಳ ನಾಯಕ ಅವಳನ್ನು ಕಡಲಿಗೆ ಕಳಿಸಿದ್ದು ಆಲುಕಾರ್ಡನನ್ನು ನೆಲದಿಂದ ದೂರ ಸೆಳೆಯುವ ಎರೆಯಾಗಿ. ಅತ್ತ ಅವನು ಹಡಗಿನಲ್ಲಿ ಸಿಕ್ಕಿಕೊಂಡಾಗ ಇತ್ತ ಲಂಡನ್ನಿನ ಮೇಲೆ ದಾಳಿ ನಡೆಯುತ್ತದೆ. ಮುಂದೆ ಅವಳ ರಕ್ತವನ್ನು ಹೀರಿದ ಆಲುಕಾರ್ಡ್ ತನ್ನ ಕಾಳಗವೊಂದರಲ್ಲಿ ಅವಳ ನೆರಳನ್ನು ಎಬ್ಬಿಸಿ ತನ್ನ ಪರವಾಗಿ ಗುಂಡು ಹಾರಿಸುತ್ತಾನೆ. ಬದುಕಿದ್ದಾಗ ಒಬ್ಬನು ಹಾರಿಸಿದ ಗುಂಡಾಗಿದ್ದಳು, ಸತ್ತ ಮೇಲೆ ಇನ್ನೊಬ್ಬನ ಗುಂಡಾದಳು. ಏಳನೆಯ ಗುಂಡು ಅವಳೇ.

ಈ ಕೃತಿಯಲ್ಲಿ ರಕ್ತಪಾತ ಅತಿಯಾಗಿದೆ. ಅದು ಮಕ್ಕಳ ಕೈಗೆ ಕೊಡುವಂಥದಲ್ಲ. ನಾಜಿಗಳ ಸಮವಸ್ತ್ರವನ್ನು ಬೆಡಗಿನ ವೇಷದಂತೆ ಚಿತ್ರಿಸುವುದರಲ್ಲಿಯೂ ಅಪಾಯವಿದೆ. ಆದರೂ ಯುದ್ಧವನ್ನು ಆಟವೆಂದು ಬಗೆದವರ ಗತಿಯನ್ನು ಅದು ಮರೆಮಾಚಿಲ್ಲ.

ತಾನಾಗಿಯೇ ದಾರಿ ತಿದ್ದಿಕೊಂಡು ಗುರಿಯನ್ನು ಹುಡುಕುವ ಕ್ಷಿಪಣಿಗಳು ಇಂದು ಪುರಾಣದ ಮಾತಾಗಿ ಉಳಿದಿಲ್ಲ. ಸಾವಿರಾರು ಮೈಲಿಗಳಾಚೆ ಕುಳಿತು ಗುಂಡಿಯೊತ್ತಿ ಕೊಲ್ಲುವುದು ಸಾಧ್ಯವಾಗಿದೆ. ಗುರಿ ತಪ್ಪದಿರುವುದು ಯಂತ್ರದ ಕೆಲಸ. ಗುರಿ ಸರಿಯೇ ಎಂದು ಕೇಳಬೇಕಾದವನು ಇಂದಿಗೂ ಮನುಷ್ಯನೇ. ಬಾಣದ ಹಿಂದೆಯೇ ನರಳುವ ದನಿ ಕೇಳಿ ದಶರಥನು ಕತ್ತಲಲ್ಲಿ ಓಡಿಹೋದ, ತಾನು ಕೊಂದವನ ಬಳಿ ನಿಂತ, ಅವನ ತಾಯಿತಂದೆಯರಿಗೆ ತಾನೇ ಹೋಗಿ ಸುದ್ದಿ ತಿಳಿಸಿ ಶಾಪ ಹೊತ್ತುಕೊಂಡ. ಅಷ್ಟು ದೂರ ನಡೆದುಹೋಗುವ ಕಾಲುಗಳನ್ನು ನಮ್ಮ ಕಾಲದ ಗುರಿಕಾರರಲ್ಲಿಯೂ, ಅವರಿಗೆ ಅಪ್ಪಣೆ ಕೊಡುವವರಲ್ಲಿಯೂ ನಾವು ಕೇಳಬೇಕಾಗಿದೆ.